ಕೆಜಿಎಫ್ ಗಣಿಗೆ ಇಳಿದ ಯಂತ್ರಗಳು ಏನಾದವು?

ನಮ್ಮ ಸತ್ಯಮಂಗಲದ ಕಡೆ ಬೋರ್‌ವೆಲ್‌ನಲ್ಲಿ ಮೋಟಾರು ಸಿಕ್ಕಿಕೊಂಡರೆ ಏನು ಪಾಡು ಅಂತ ನಿಮಗೆ ಗೊತ್ತು. ಎತ್ತುವ ಗಾಡಿ ತರಿಸಬೇಕು, ಪೈಪು ಬಿಚ್ಚಬೇಕು. ಖರ್ಚು ಮೋಟಾರಿನ ಬೆಲೆಗಿಂತ ಹೆಚ್ಚಾದರೆ ಅಲ್ಲೇ ಬಿಟ್ಟುಬಿಡುತ್ತೇವೆ. ನಮ್ಮದು ಹೆಚ್ಚೆಂದರೆ ಸಾವಿರ, ಸಾವಿರದೈನೂರು ಅಡಿ. ಕೋಲಾರ ಚಿನ್ನದ ಗಣಿಯ ಚಾಂಪಿಯನ್ ರೀಫ್ ಹತ್ತು ಸಾವಿರ ಅಡಿ ದಾಟಿತ್ತು.

1880ರಲ್ಲಿ ಬ್ರಿಟಿಷರ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಬಂದ ಮೇಲೆ ಇಲ್ಲಿಗೆ ದೊಡ್ಡ ಯಂತ್ರಗಳು ಬಂದವು. ಮೊದಲು ಉಗಿಯಂತ್ರ. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿ.ಮೀ. ತಂತಿ ಎಳೆದು ಕರೆಂಟು ಕೊಟ್ಟರು. ಬೆಂಗಳೂರಿಗೆ ವಿದ್ಯುತ್ ದೀಪ ಬಂದದ್ದು 1905ರಲ್ಲಿ. ಅಂದರೆ ಮೊದಲು ಗಣಿಗೆ, ಆಮೇಲೆ ಜನಕ್ಕೆ!

ಆ ಕರೆಂಟಿಗೆ ಅಲ್ಲಿ ಮೂರು ಕೆಲಸವಿತ್ತು. ವೈಂಡರ್ ಎಂಬ ಯಂತ್ರದ ಭಾರೀ ಉರುಳೆಗೆ ಉಕ್ಕಿನ ಹಗ್ಗ ಸುತ್ತಿ, ಜನ ತುಂಬಿದ ಕೇಜನ್ನು ಇಳಿಸಿ ಏರಿಸುವುದು. ಕಾದ ಬಂಡೆಗಳ ನಡುವೆ ಕೆಲಸ ಮಾಡುವವರಿಗೆ ಗಾಳಿ ಕಳಿಸುವುದು. ಒಳಗೆ ಜಿನುಗುವ ನೀರನ್ನು ಹಗಲೂ ರಾತ್ರಿ ಎತ್ತುವುದು. ಈ ಮೂರನೆಯದೇ ಗಣಿಯ ಉಸಿರು.

ಸ್ವಾತಂತ್ರ್ಯದ ಬಳಿಕ ಗಣಿ ಮೈಸೂರು ಸರ್ಕಾರದ ಕೈಗೆ, ಆಮೇಲೆ ಕೇಂದ್ರದ ಕೈಗೆ ಹೋಗಿ, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆಯಿತು. ಚಿನ್ನಕ್ಕಿಂತ ಅದನ್ನು ತೆಗೆಯುವ ಖರ್ಚೇ ಹೆಚ್ಚಾಯಿತು. 2001ರ ಫೆಬ್ರವರಿ 28ರಂದು ಬಾಗಿಲು ಮುಚ್ಚಿತು. ಸಾವಿರಾರು ಕಾರ್ಮಿಕರು ಬೀದಿಗೆ ಬಿದ್ದರು. ಪಂಪು ನಿಂತಿತು, ನೀರು ಮೇಲೇರಿತು. ಒಳಗೆ ಉಳಿದ ಹಳಿ, ಪೈಪು, ಯಂತ್ರವೆಲ್ಲ ಅದರಲ್ಲೇ ಮುಳುಗಿದವು.

ಮೇಲಿನವಾದರೂ ಮಾರಿಹೋಗಬಹುದಿತ್ತಲ್ಲ ಅನ್ನಬಹುದು. ಆದರೆ ವೈಂಡರ್ ಟ್ರಾಕ್ಟರಲ್ಲ. ಒಂದು ಶಾಫ್ಟಿನ ಆಳಕ್ಕೆ ಲೆಕ್ಕ ಹಾಕಿ, ನೆಲಕ್ಕೆ ಕೂರಿಸಿದ್ದು. ಗಣಿ ಸತ್ತರೆ ಅದಕ್ಕೆ ಗುಜರಿಯ ಕೆ.ಜಿ. ಲೆಕ್ಕವೇ. ಮುಚ್ಚಿದ ಗಣಿ ಯಾರ ಪಾಲು ಎಂಬ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಅಷ್ಟರಲ್ಲಿ ತುಕ್ಕು ತನ್ನ ಕೆಲಸ ಮಾಡಿತ್ತು, ಕಳ್ಳರೂ ಮಾಡಿದ್ದರು. 2020ರ ಮೇ ತಿಂಗಳಲ್ಲಿ ಮಾರಿಕುಪ್ಪಂ ಬಳಿ ಹಳೆಯ ಗಣಿಗೆ ಕಳ್ಳತನಕ್ಕೆ ಇಳಿದವರಲ್ಲಿ ಮೂವರು ಉಸಿರುಗಟ್ಟಿ ಸತ್ತರು. ಒಳಗೆ ಗಾಳಿ ಕಳಿಸುತ್ತಿದ್ದ ಯಂತ್ರ ನಿಂತು ಹತ್ತೊಂಬತ್ತು ವರ್ಷವಾಗಿತ್ತು.

2024ರಲ್ಲಿ ರಾಜ್ಯ ಸಂಪುಟ ಕೆಜಿಎಫ್‌ನ 13 ಮಣ್ಣುಗುಡ್ಡಗಳಿಂದ ಮತ್ತೆ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ಒಪ್ಪಿತು. ಅದು ನೆಲದ ಮೇಲಿನ ಕೆಲಸ. ಅದಕ್ಕೆ ವೈಂಡರೂ ಬೇಡ, ಕೇಜೂ ಬೇಡ. ಅದೇ ಊರಿನ ಬೆಮೆಲ್ ಕಾರ್ಖಾನೆ ಈಗಲೂ ಗಣಿಗಳಿಗೆ ಹೊಸ ಬುಲ್ಡೋಜರ್ ತಯಾರಿಸಿ ಕಳಿಸುತ್ತಿದೆ.