‘ಲೇಯರ್’: ಮಲಪ್ರಭೆಯ ದಂಡೆಯಲ್ಲಿ ಒಂದು ಶಬ್ದದ ಇತಿಹಾಸ

ಓಜೋನ್ ಪದರದ ಚಿತ್ರ ಬರೆಯಲು ನಿಮ್ಮ ವಿದ್ಯಾರ್ಥಿಗಳಿಗೆ ಹೇಳಿ ನೋಡಿ. ಹೆಚ್ಚಿನವರು ಭೂಮಿಯ ಸುತ್ತ ತೆಳುವಾದ ಒಂದು ಹೊದಿಕೆ ಬರೆಯುತ್ತಾರೆ. ವಾಸ್ತವದಲ್ಲಿ ಓಜೋನಿನ ಬಹುಪಾಲು ಸುಮಾರು 15ರಿಂದ 35 ಕಿ.ಮೀ. ಎತ್ತರದ ನಡುವೆ ವಿರಳವಾಗಿ ಚದುರಿದೆ. ಅದನ್ನೆಲ್ಲ ಸಮುದ್ರಮಟ್ಟದ ಒತ್ತಡಕ್ಕೆ ತಂದರೆ ದಪ್ಪ ಸುಮಾರು 3 ಮಿ.ಮೀ. ಅಷ್ಟೇ. ಮಕ್ಕಳನ್ನು ದೂರಿ ಫಲವಿಲ್ಲ. ಇಂಗ್ಲಿಷಿನ ‘ಲೇಯರ್’ ಎಂಬುದೇ ಹಲವು ಅರ್ಥಗಳನ್ನು ಹೊತ್ತ ಶಬ್ದ. ನಾವು ಅದೆಲ್ಲಕ್ಕೂ ‘ಪದರ’ ಎಂದುಬಿಟ್ಟಿದ್ದೇವೆ. (ನಮ್ಮ ಕಡೆ ಸೀರೆಯ ಸೆರಗೂ ಪದರವೇ!)

‘ಲೇ’ ಎಂದರೆ ಇಡು, ಹಾಸು. ‘ಲೇಯರ್’ ಮೊದಲು ಕಲ್ಲು ಇಡುವವನ, ಅಂದರೆ ಗೌಂಡಿಯ ಹೆಸರಾಗಿತ್ತು. ಹಾಸಿದ ವಸ್ತುವಿಗೆ ಆ ಹೆಸರು ಬಂದದ್ದು 17ನೆಯ ಶತಮಾನದಲ್ಲಿ. ಅದೇ ಶತಮಾನದ ಕಿತ್ತೂರ ಕೋಟೆಯನ್ನು ಕಟ್ಟಿದವರು ಹಳೆಯ ಅರ್ಥದಲ್ಲಿ ‘ಲೇಯರ್’ಗಳು. ನಮ್ಮ ‘ಸ್ತರ’ ಶಬ್ದಕ್ಕೂ ಲ್ಯಾಟಿನ್ನಿನ ‘ಸ್ಟ್ರಾಟಮ್’ ಶಬ್ದಕ್ಕೂ ಮೂಲ ಒಂದೇ. ಎರಡರಲ್ಲೂ ಇರುವುದು ಹರಡುವ ಕ್ರಿಯೆ.

ಆದ್ದರಿಂದ ಯಾವುದೇ ಪದರವನ್ನು ಕಂಡಾಗ ‘ಇದನ್ನು ಹಾಸಿದ್ದು ಯಾವುದು?’ ಎಂದು ಕೇಳಬೇಕು. ಬೈಲಹೊಂಗಲದ ಎರಿ ಭೂಮಿಯಲ್ಲಿ ಒಂದು ಗುಂಡಿ ತೋಡಿ ಈ ಪ್ರಶ್ನೆ ಕೇಳಿ. ಬೇಸಿಗೆಯಲ್ಲಿ ಬಿರಿದ ಬಿರುಕಿಗೆ ಮೇಲಿನ ಮಣ್ಣು ಉದುರುತ್ತದೆ, ಮಳೆಗೆ ಜೇಡಿ ಉಬ್ಬಿ ಕೆಳಗಿನ ಮಣ್ಣನ್ನು ಮೇಲಕ್ಕೆ ದೂಡುತ್ತದೆ. ಈ ಮಣ್ಣು ತನ್ನನ್ನು ತಾನೇ ಕಲಸಿಕೊಳ್ಳುತ್ತದೆ! ಮಣ್ಣಿನ ಮಟ್ಟಗಳು ಇದ್ದಲ್ಲಿಯೇ ರೂಪುಗೊಳ್ಳುವುದರಿಂದಲೇ ಮೃದ್ವಿಜ್ಞಾನಿಗಳು ಅವುಗಳಿಗೆ ‘ಲೇಯರ್’ ಎನ್ನದೆ ‘ಹೊರೈಜನ್’ ಎನ್ನುತ್ತಾರೆ. ನಮ್ಮ ಪಠ್ಯಗಳು ಇದನ್ನೂ ಪದರವೆಂದೇ ಕಲಿಸುತ್ತವೆ. ಇದು ಸರಿಯಲ್ಲವೆಂದು ನನ್ನ ಅಭಿಪ್ರಾಯ.

ಸವದತ್ತಿಗೆ ಬಂದರೆ ಶಬ್ದಕ್ಕೆ ಪೂರ್ಣ ಅರ್ಥ ದೊರೆಯುತ್ತದೆ. ನವಿಲುತೀರ್ಥದಲ್ಲಿ ಮಲಪ್ರಭೆ ಸೀಳಿರುವ ಗುಡ್ಡ ಕ್ವಾರ್ಟ್‌ಜೈಟ್‌ನದು. ನೂರು ಕೋಟಿ ವರ್ಷಗಳಿಗೂ ಹಿಂದೆ ನೀರು ಹಾಸಿದ ಮರಳು ಗಟ್ಟಿಯಾಗಿ ಆದದ್ದು. ಕೆಳಗಿನದು ಹಳೆಯದು, ಮೇಲಿನದು ಹೊಸದು ಎಂಬ ನಿಯಮವನ್ನು ಡೆನ್ಮಾರ್ಕಿನ ನಿಕೋಲಾಸ್ ಸ್ಟೆನೊ 1669ರಲ್ಲಿ ಹೇಳಿದ. ಆದರೆ ಸ್ತರಗಳು ಮಡಿಚಿ ಬುಡಮೇಲಾಗಿದ್ದರೆ? ಆಗ ಕಲ್ಲಿನ ಮೇಲಿನ ಅಲೆಗುರುತುಗಳನ್ನು ನೋಡಬೇಕು. ನೀರಿನ ಹೊಯ್ದಾಟದಿಂದ ಮರಳಿನಲ್ಲಿ ಮೂಡುವ ಏಣುಗಳು ಚೂಪು, ತಗ್ಗುಗಳು ದುಂಡು. ಚೂಪು ತುದಿ ತೋರಿಸುವ ದಿಕ್ಕೇ ಅಂದಿನ ‘ಮೇಲೆ’.

ಈ ಶಿಲೆಗಳ ವಿವರವಾದ ವರ್ಣನೆಯನ್ನು ರಾಬರ್ಟ್ ಬ್ರೂಸ್ ಫೂಟ್ 1876ರಲ್ಲಿ ದಕ್ಷಿಣ ಮರಾಠಾ ಸೀಮೆಯ ಕುರಿತ ತನ್ನ ಗ್ರಂಥದಲ್ಲಿ ಪ್ರಕಟಿಸಿದ. ಆತ ಬಳಸಿದ ‘ಕಲಾದಗಿ’ ಹೆಸರು ಇಂದಿಗೂ ಈ ಶಿಲೆಗಳಿಗಿದೆ. 1987ರಲ್ಲಿ ಎ.ವಿ. ಜಯಪ್ರಕಾಶ್ ಮತ್ತು ಸಂಗಡಿಗರು ಅವುಗಳನ್ನು ಇನ್ನೂ ಸೂಕ್ಷ್ಮವಾಗಿ ವಿಂಗಡಿಸಿದರು. ಆ ಪಟ್ಟಿಯಲ್ಲಿ ‘ರಾಮದುರ್ಗ ರಚನೆ’ ಇದೆ, ಅದರೊಳಗೆ ‘ಸವದತ್ತಿ ಕ್ವಾರ್ಟ್‌ಜೈಟ್’ ಇದೆ, ‘ಮನೋಳಿ’ ಜೇಡಿಶಿಲೆ ಇದೆ. ಮನೋಳಿ ಎಂದರೆ ಬೇರೆ ಯಾವುದೂ ಅಲ್ಲ, ನಮ್ಮ ಮುನವಳ್ಳಿ. ಪಕ್ಕದ ಯರಗಟ್ಟಿಯ ಹೆಸರಲ್ಲೂ ಒಂದು ರಚನೆಯುಂಟು. ನಿಮ್ಮ ಶಾಲೆ ಈ ಊರುಗಳಲ್ಲಿದ್ದರೆ ವಿದ್ಯಾರ್ಥಿಗಳಿಗೆ ಇದನ್ನು ತಪ್ಪದೆ ತಿಳಿಸಿ.

ರಾಮದುರ್ಗ ರಚನೆಯ ಬುಡದಲ್ಲಿ ಉರುಟುಗಲ್ಲುಗಳು ಬೆಸೆದ ಶಿಲೆಯಿದೆ. ಅದರ ಕೆಳಗಿರುವುದು ಸುಮಾರು 250 ಕೋಟಿ ವರ್ಷ ಅಥವಾ ಅದಕ್ಕೂ ಹಳೆಯದಾದ ತಳಶಿಲೆ. ಎರಡೂ ಒಂದಕ್ಕೊಂದು ತಾಗಿಕೊಂಡಿವೆ, ನಡುವೆ ಬೆರಳು ತೂರುವಷ್ಟೂ ಎಡೆಯಿಲ್ಲ. ಆದರೆ ಅವುಗಳ ವಯಸ್ಸಿನ ಅಂತರ ಹತ್ತಾರು ಕೋಟಿ ವರ್ಷ. ಅಷ್ಟು ಕಾಲ ಇಲ್ಲಿ ಏನೂ ಹಾಸಲ್ಪಡಲಿಲ್ಲ, ಅಥವಾ ಹಾಸಿದ್ದೆಲ್ಲ ಸವೆದುಹೋಯಿತು. ಭೂವಿಜ್ಞಾನಿಗಳು ಇದನ್ನು ‘ಅಸಂಗತಿ’ ಎನ್ನುತ್ತಾರೆ. ಅದಕ್ಕೆ ದಪ್ಪವೇ ಇಲ್ಲ.