ದೇವರು ಮತ್ತು ವ್ಯಕ್ತಿತ್ವ: ಕ್ರೈಸ್ತ, ಬೌದ್ಧ, ಹಿಂದೂ ಚಿಂತನೆಗಳ ಇತಿಹಾಸ

ದೇವರು ಕರೆದರೆ ಓಗೊಡುವ ಒಬ್ಬಾತನೋ ಗುಣಾತೀತ ತತ್ತ್ವವೋ, ಮನುಷ್ಯನಲ್ಲಿ ನೆಲೆಯಾಗಿ ನಿಲ್ಲುವ 'ನಾನು' ಇದೆಯೋ ಇಲ್ಲವೋ ಎಂಬ ಪ್ರಶ್ನೆಗಳು ಈ ಮೂರೂ ಪರಂಪರೆಗಳಲ್ಲಿ ಹೆಣೆದುಕೊಂಡೇ ಬೆಳೆದವು.

ಕ್ರೈಸ್ತರಲ್ಲಿ ವ್ಯಕ್ತಿಯ ಕಲ್ಪನೆ ಖಚಿತಗೊಂಡದ್ದು ದೇವರ ಕುರಿತ ವಿವಾದದಿಂದ. ಕ್ರಿಸ್ತನು ತಂದೆಯೊಡನೆ ಏಕಸತ್ತ್ವದವನೆಂದು 325ರ ನೈಸಿಯ ಸಭೆ ಸಾರಿತು. ಆತನಲ್ಲಿ ದೈವ, ಮಾನುಷ ಎಂಬ ಎರಡು ಸ್ವಭಾವಗಳಿದ್ದರೂ ವ್ಯಕ್ತಿ ಒಬ್ಬನೇ ಎಂದು 451ರ ಕ್ಯಾಲ್ಸಿಡನ್ ಸಭೆ ತೀರ್ಮಾನಿಸಿತು. ಆರನೆಯ ಶತಮಾನದಲ್ಲಿ ರೋಮನ್ ತತ್ತ್ವಜ್ಞಾನಿ ಬೊಯೆಥಿಯಸ್ ವ್ಯಕ್ತಿಗೆ ಲಕ್ಷಣ ಹೇಳಿದ್ದೂ ಇದೇ ಚರ್ಚೆಯ ನಡುವೆ.

ಬೌದ್ಧರು ಸೃಷ್ಟಿಕರ್ತನನ್ನೂ ಒಪ್ಪಲಿಲ್ಲ, ಶಾಶ್ವತ ಆತ್ಮವನ್ನೂ ಒಪ್ಪಲಿಲ್ಲ. ರೂಪ, ವೇದನೆ, ಸಂಜ್ಞೆ, ಸಂಸ್ಕಾರ, ವಿಜ್ಞಾನ ಎಂಬ ಪಂಚಸ್ಕಂಧಗಳ ಪ್ರವಾಹವೇ ಮನುಷ್ಯ. ಹಾಗಾದರೆ ಕರ್ಮಫಲ ಉಣ್ಣುವವರಾರು? ಈ ತೊಡಕಿಗೆ ವಾತ್ಸೀಪುತ್ರೀಯರೆಂಬ ಬೌದ್ಧ ಪಂಗಡದವರು, ಸ್ಕಂಧಗಳೊಂದಿಗೆ ಒಂದೂ ಅಲ್ಲದ ಬೇರೆಯೂ ಅಲ್ಲದ 'ಪುದ್ಗಲ'ವನ್ನು ಒಪ್ಪಿಕೊಂಡರು. ಬೌದ್ಧ ಆಚಾರ್ಯನೇ ಆದ ವಸುಬಂಧು 'ಅಭಿಧರ್ಮಕೋಶ'ದ ಕೊನೆಯಲ್ಲಿ ಅವರನ್ನು ಕಟುವಾಗಿ ಖಂಡಿಸಿದ್ದಾನೆ. ಬೌದ್ಧರದು ಒಂದೇ ದನಿ ಎಂದು ಬರೆಯುವವರು ಈ ಪಂಗಡವನ್ನು ಮರೆಯುತ್ತಾರೆ. ಏಳನೆಯ ಶತಮಾನದಲ್ಲಿ ಭಾರತ ಸುತ್ತಿದ ಚೀನೀ ಯಾತ್ರಿಕ ಹ್ಯೂಯೆನ್ ತ್ಸಾಂಗ್ ಇದರ ಶಾಖೆಯಾದ ಸಮ್ಮಿತೀಯರ ಭಿಕ್ಷುಗಳನ್ನು ದೊಡ್ಡ ಸಂಖ್ಯೆಯಲ್ಲಿ ಕಂಡಿದ್ದ.

ಹಿಂದೂ ದರ್ಶನಗಳಲ್ಲಿ ಒಡಕು ಇನ್ನೂ ದೊಡ್ಡದು. ಪೂರ್ವಮೀಮಾಂಸೆಗೆ ಸೃಷ್ಟಿಕರ್ತ ಬೇಕಿಲ್ಲ. ನೈಯಾಯಿಕ ಉದಯನ 'ನ್ಯಾಯಕುಸುಮಾಂಜಲಿ'ಯಲ್ಲಿ ಈಶ್ವರನ ಇರವನ್ನೇ ತರ್ಕದಿಂದ ಸಾಧಿಸಹೊರಟ. ಶಂಕರರಿಗೆ ನಿರ್ಗುಣ ಬ್ರಹ್ಮವೇ ಪರಮಸತ್ಯ, ಸಗುಣ ಈಶ್ವರ ಉಪಾಸನೆಗೆ. ಮೇಲುಕೋಟೆಯಲ್ಲಿ ನೆಲೆಸಿದ್ದ ರಾಮಾನುಜರಿಗೆ ಬ್ರಹ್ಮವೆಂದರೆ ಕಲ್ಯಾಣಗುಣಪೂರ್ಣ ನಾರಾಯಣ, ಜೀವರೂ ಜಗತ್ತೂ ಅವನ ಶರೀರ. ಉಡುಪಿಯ ಮಧ್ವರು ಜೀವೇಶ್ವರ ಭೇದ ನಿತ್ಯವೆಂದರು. ಇದನ್ನು ನೋಡಿ ಮಧ್ವರ ಮೇಲೆ ಕ್ರೈಸ್ತ ಪ್ರಭಾವವಿದೆ ಎಂದು ಊಹಿಸಿದ ಪಾಶ್ಚಾತ್ಯ ವಿದ್ವಾಂಸರುಂಟು. ಊಹೆ ನಿಲ್ಲುವುದಿಲ್ಲ. ಮಧ್ವರ ಜೀವ ಅನಾದಿ, ಕ್ರೈಸ್ತರ ಆತ್ಮ ದೇವರು ಸೃಷ್ಟಿಸಿದ್ದು.

ನೇರ ಹೋಲಿಕೆ ಬಿರುಸಾದದ್ದು ವಸಾಹತು ಕಾಲದಲ್ಲಿ. 1882ರಲ್ಲಿ ಬ್ರಾಹ್ಮಸಮಾಜದ ಕೇಶವಚಂದ್ರ ಸೇನರು ತಂದೆ, ಮಗ, ಪವಿತ್ರಾತ್ಮ ಎಂಬ ಕ್ರೈಸ್ತ ತ್ರಯೈಕ್ಯವನ್ನು ಸಚ್ಚಿದಾನಂದದ ನೆಲೆಯಲ್ಲಿ ವಿವರಿಸಿದರು. ಕ್ಯಾಥೊಲಿಕ್ ಸಂನ್ಯಾಸಿ ಬ್ರಹ್ಮಬಾಂಧವ ಉಪಾಧ್ಯಾಯರು ಅದೇ ಜಾಡಿನಲ್ಲಿ ಸಂಸ್ಕೃತ ಸ್ತೋತ್ರವನ್ನೇ ರಚಿಸಿದರು. ಆದರೆ ಸತ್, ಚಿತ್, ಆನಂದ ಪರಸ್ಪರ ಪ್ರೀತಿಸುವ ಮೂವರಲ್ಲ, ಹೋಲಿಕೆ ಸಡಿಲಾಗುವುದು ಅಲ್ಲೇ. ಮುಂದೆ ಜಪಾನಿನ ತತ್ತ್ವಜ್ಞಾನಿ ನಿಶಿತಾನಿ ಕೇಜಿ ಬೌದ್ಧ ಶೂನ್ಯತೆಯ ಕಡೆಯಿಂದ ಕ್ರೈಸ್ತ ದೇವರನ್ನು ಪರಿಶೀಲಿಸಿದರು. ಶ್ರೀಲಂಕಾದ ಮೆಥಡಿಸ್ಟ್ ಪಾದ್ರಿ ಲಿನ್ ಡಿ ಸಿಲ್ವ, ಸಾವಿಲ್ಲದ ಆತ್ಮದ ಕಲ್ಪನೆ ಬೈಬಲಿಗಿಂತ ಗ್ರೀಕರದೇ ಹೆಚ್ಚು ಎಂದು ವಾದಿಸಿ, ಬೌದ್ಧರ ಅನಾತ್ಮವಾದವನ್ನು ಕ್ರೈಸ್ತರು ಎದುರಿಸದೆ ಬಳಸಿಕೊಳ್ಳಬಹುದೆಂದರು. ಮೂರು ಪರಂಪರೆಗಳೂ ಒಂದೇ ಎಂಬ ಸುಲಭದ ಮಾತಿಗಿಂತ ಈ ಕೊನೆಯ ಇಬ್ಬರ ಕೆಲಸ ಹೆಚ್ಚು ಗಟ್ಟಿಯಾದುದು.