ಹತ್ತಿಯ ದರದಿಂದ ಹುಟ್ಟಿದ ಅಂಕಿ

ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆಯ ಮಟಕಾ ಪ್ರಕರಣಗಳ ಸುದ್ದಿ ಓದುವವರಿಗೆ ಒಂದು ಮಾತು ಬಾಯಿಪಾಠವಾಗಿರುತ್ತದೆ. ಒಂದು ರೂಪಾಯಿಗೆ ಎಂಬತ್ತು ರೂಪಾಯಿ ಕೊಡುತ್ತೇನೆಂದು ಕೂಗುತ್ತ, ಜನರಿಂದ ಹಣ ಪಡೆದು, ಆರೋಪಿ ಚೀಟಿ ಬರೆದುಕೊಡುತ್ತಿದ್ದ. ಜಪ್ತಿಯಾದದ್ದು ಒಂದಿಷ್ಟು ನಗದು, ಮಟಕಾ ಚೀಟಿ, ಒಂದು ಬಾಲ್ ಪೆನ್. ಹಾಕುವ ಕಲಂ 1963ರ ಕರ್ನಾಟಕ ಪೊಲೀಸ್ ಕಾಯ್ದೆಯ 78(3). ಪಟ್ಟಿಯನ್ನು ಪಡೆಯುತ್ತಿದ್ದ ಬುಕ್ಕಿಯ ಹೆಸರು ಕೆಲವೊಮ್ಮೆ ಬರುತ್ತದೆ, ಕೆಲವೊಮ್ಮೆ ಇಲ್ಲ.

ಊರಿನವರು ಇದನ್ನು ಓಸಿ ಎನ್ನುತ್ತಾರೆ. ಓಪನ್, ಕ್ಲೋಸ್ ಎಂಬ ಎರಡು ಮಾತಿನ ಮೊದಲಕ್ಷರಗಳವು. ಅವು ಬಂದದ್ದು ಹತ್ತಿ ವ್ಯಾಪಾರದಿಂದ. ನ್ಯೂಯಾರ್ಕ್ ಹತ್ತಿ ವಿನಿಮಯ ಕೇಂದ್ರದಲ್ಲಿ ದಿನದ ದರ ಎಷ್ಟಕ್ಕೆ ತೆರೆಯಿತು, ಎಷ್ಟಕ್ಕೆ ಮುಚ್ಚಿತು ಎಂಬುದು ಮುಂಬೈಗೆ ತಲುಪುತ್ತಿತ್ತು. ಅದರ ಮೇಲೆ ಅಲ್ಲಿ ಬಾಜಿ ನಡೆಯುತ್ತಿತ್ತು. 1960ರ ದಶಕದ ಆರಂಭದಲ್ಲಿ ಆ ದಾರಿ ಮುಚ್ಚಿದಾಗ ಆಟದವರು ಅಂಕಿಯನ್ನು ತಾವೇ ಹುಟ್ಟಿಸಿಕೊಂಡರು. 1962ರಲ್ಲಿ ಕಲ್ಯಾಣ್‌ಜಿ ಭಗತ್, 1964ರಲ್ಲಿ ರತನ್ ಖತ್ರಿ ತಮ್ಮ ತಮ್ಮ ಮಟಕಾ ಶುರು ಮಾಡಿದರು. ಮಟಕಾ ಎಂದರೆ ಮಡಕೆ. ಮೊದಲು ಚೀಟಿ ಎತ್ತುತ್ತಿದ್ದದ್ದು ಅದರಿಂದಲೇ. ಆಮೇಲೆ ಇಸ್ಪೀಟು ಎಲೆ ಬಂತು. ಮೂರು ಎಲೆ ತೆಗೆದು ಕೂಡಿಸಿ, ಕೊನೆಯ ಅಂಕಿ ಇಟ್ಟುಕೊಳ್ಳುವುದು. 3, 6, 8 ಬಿದ್ದರೆ ಮೊತ್ತ 17, ಓಪನ್ 7. ಇನ್ನು ಮೂರು ಎಲೆಯಿಂದ ಕ್ಲೋಸ್. ಅದು 2 ಬಂದರೆ ಆ ದಿನದ ಜೋಡಿ 72.

ರಾಯಚೂರು ಜಿಲ್ಲೆ ಹತ್ತಿ ಬೆಳೆಯುವ ಕಪ್ಪು ನೆಲ. ರಾಯಚೂರಿನ ಎಪಿಎಂಸಿಯಲ್ಲಿ ಇವತ್ತಿಗೂ ಹತ್ತಿಯ ದರವೇ ದೊಡ್ಡ ಸುದ್ದಿ. ಹತ್ತಿ ಬೆಳೆಯುವವನಿಗೆ ದೂರದ ಪೇಟೆ ತನ್ನ ಬದುಕನ್ನು ಹೇಗೆ ಏರಿಳಿಸುತ್ತದೆ ಎಂಬುದು ಚೆನ್ನಾಗಿ ಗೊತ್ತು. ಆ ದರದ ನೆರಳಿನಿಂದ ಹುಟ್ಟಿದ ಆಟ ಅದೇ ಹೊಲಗಳ ಕೂಲಿಯವರೆಗೆ ಬಂದು ನಿಂತಿದ್ದು ಇತಿಹಾಸದ ಕ್ರೂರ ತಿರುವು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಸಿಂಧನೂರಿಗೆ ಭತ್ತ ತಂದಿತು, ಹಟ್ಟಿಯ ಚಿನ್ನದ ಗಣಿ ಲಿಂಗಸುಗೂರು ತಾಲ್ಲೂಕಿಗೆ ಸಂಬಳ ತಂದಿತು. ರೊಕ್ಕ ಓಡಾಡುವ ಊರಿನಲ್ಲಿ ಚೀಟಿ ಬರೆಯುವವನಿಗೂ ಗಿರಾಕಿ ಸಿಗುತ್ತಾನೆ.

ಎಂಬತ್ತರ ಲೆಕ್ಕವನ್ನು ಬಿಡಿಸಿ ನೋಡಬೇಕು. 00ರಿಂದ 99ರವರೆಗೆ ಜೋಡಿಗಳು ನೂರು. ಎಲ್ಲದರ ಮೇಲೂ ಒಂದೊಂದು ರೂಪಾಯಿ ಹಾಕಿದವನ ಕೈಗೆ ಮರಳುವುದು 80. ನೂರಕ್ಕೆ 20 ಬುಕ್ಕಿಯದು, ಅದೂ ಮೋಸವಿಲ್ಲದೆ ಆಡಿಸಿದರೆ. ಜೂಜಿನಿಂದ ಪಾಲು ಎತ್ತುವುದು ಹೊಸದೇನಲ್ಲ. ಅಶೋಕನ ಹೆಸರನ್ನೇ ಹೊತ್ತ ಶಾಸನ 1915ರಲ್ಲಿ ಇದೇ ಮಸ್ಕಿಯಲ್ಲಿ ಸಿಕ್ಕಿತು. ಅವನ ಅಜ್ಜನ ಮಂತ್ರಿಯದೆಂದು ಹೇಳಲಾಗುವ ಅರ್ಥಶಾಸ್ತ್ರದಲ್ಲಿ ಜೂಜಿಗೆ ಒಬ್ಬ ಅಧ್ಯಕ್ಷನೇ ಇದ್ದಾನೆ. ಗೆದ್ದ ಹಣದಲ್ಲಿ ಅವನು ವಸೂಲು ಮಾಡುವುದು ನೂರಕ್ಕೆ 5.

ಆಧುನಿಕ ಸರ್ಕಾರವೂ ಅದೃಷ್ಟ ಮಾರಿತು. ಕೇರಳ 1967ರಲ್ಲಿ ಒಂದು ರೂಪಾಯಿಯ ಟಿಕೆಟ್ ತಂದಿತು. ಮೊದಲ ಬಹುಮಾನ 50,000 ರೂಪಾಯಿ. ಮೈಸೂರು ರಾಜ್ಯವೂ ಅದೇ ದಾರಿ ಹಿಡಿಯಿತು. ಬಸ್ ಸ್ಟ್ಯಾಂಡಿನಲ್ಲಿ ದಾರಕ್ಕೆ ತೂಗುಬಿದ್ದ ಬಣ್ಣದ ಟಿಕೆಟ್‌ಗಳು ಒಂದು ತಲೆಮಾರಿನ ನೆನಪು. ಒಂದಂಕಿ ಲಾಟರಿಯ ಹಾವಳಿ ಕಂಡ ಕೇಂದ್ರ, 1998ರ ಕಾಯ್ದೆಯಲ್ಲಿ ಅಂಥ ಬಹುಮಾನವನ್ನು ನಿಷೇಧಿಸಿತು. ಎಚ್.ಡಿ. ಕುಮಾರಸ್ವಾಮಿ ಮುಖ್ಯಮಂತ್ರಿಯಾಗಿದ್ದಾಗ, 2007ರಲ್ಲಿ, ಕರ್ನಾಟಕ ಲಾಟರಿಯನ್ನೇ ನಿಲ್ಲಿಸಿತು. ಅದೇ ವರ್ಷ ಸಾರಾಯಿಯೂ ನಿಂತಿತು. ದುಡಿಯುವ ಮನೆಗಳ ಪಾಲಿಗೆ ಅದು ಒಳ್ಳೆಯ ಕೆಲಸ. ಆದರೆ ಟಿಕೆಟ್ಟಿಗೆ ಅಚ್ಚುಕೂಟ ಬೇಕು, ಅಂಗಡಿ ಬೇಕು. ಓಸಿಗೆ ಪೆನ್ನೂ ಚೂರು ಕಾಗದವೂ ಸಾಕು. ಹಾಗಾಗಿ ಅದು ಉಳಿಯಿತು.

ಲಾಟರಿಯನ್ನು ನಿಲ್ಲಿಸದ ಥಾಯ್ಲೆಂಡಿನಲ್ಲಿ ಏನಾಯಿತು? ಅಲ್ಲಿ ಲಾಟರಿಯ ಚರಿತ್ರೆ 1874ಕ್ಕೆ ಹೋಗುತ್ತದೆ. ಈಗ ತಿಂಗಳಿಗೆ ಎರಡು ಸಲ, 1 ಮತ್ತು 16ನೇ ತಾರೀಕು ಡ್ರಾ. ಟಿಕೆಟ್ಟಿನಲ್ಲಿ ಆರು ಅಂಕಿ, ಬೆಲೆ 80 ಬಾತ್. ಕೊನೆಯ ಎರಡಂಕಿಗೂ ಬಹುಮಾನವಿದೆ. ಕಳ್ಳ ಲಾಟರಿಯವರು ಸರ್ಕಾರ ಎತ್ತಿದ ಅಂಕಿಗಳ ಮೇಲೆಯೇ ಜನರಿಂದ ಬಾಜಿ ಕಟ್ಟಿಸಿಕೊಳ್ಳುತ್ತಾರೆ. ಡ್ರಾ ಖರ್ಚು ಸರ್ಕಾರದ್ದು, ಲಾಭ ಅವರದು. ಹತ್ತಿ ದರವನ್ನು ಎರವಲು ಪಡೆದ ಮುಂಬೈಯವರು ಮಾಡಿದ್ದೂ ಇದನ್ನೇ. ಆಡುವವನಿಗೆ ಅಂಕಿ ಎಲ್ಲೋ ದೂರದಿಂದ, ಊರಿನ ಯಾರ ಕೈಗೂ ಸಿಗದ ಕಡೆಯಿಂದ ಬರಬೇಕು. ಆಗಲೇ ಅವನಿಗೆ ನಂಬಿಕೆ.

ಈಗ ಅಂಕಿಗಳು ಮೊಬೈಲಿಗೇ ಬರುತ್ತವೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ನಿಷೇಧಿಸಿತು. ಆದರೆ ಚೀಟಿ ಬರೆಸುವವನಿಗೆ ಆ್ಯಪ್ ಬೇಕಿಲ್ಲ. ಸಂಜೆಯ ಕೂಲಿ ಕೈಗೆ ಬಿದ್ದರೆ ಸಾಕು. ಬಡಾವಣೆಯ ಸಂದಿಗಳಲ್ಲಿ ಬರೆಯುವವರನ್ನು ಪೊಲೀಸರು ಹಿಡಿಯುತ್ತಲೇ ಇದ್ದಾರೆ. ನೂರಕ್ಕೆ 20 ಹೋಗಿ ಸೇರುವ ಮನೆಯವರೆಗೆ ತನಿಖೆ ನಡೆದರೆ ಮಾತ್ರ ಆಟದ ಬೇರಿಗೆ ಕೈ ಹಾಕಿದಂತೆ. ಸಿಂಧನೂರಿನ ಗದ್ದೆಯಲ್ಲಿ ನಾಟಿ ಮಾಡಿ ಬಂದ ಹೆಂಗಸಿನ ಮನೆಗೆ ತಲುಪಬೇಕಾದ ರೊಕ್ಕದ ಒಂದು ಪಾಲು ಸೇರುವುದು ಅಲ್ಲಿಗೇ.